ತವರಿನ ಬಾಣಂತನವೂ ಆರೋಗ್ಯದ ಮನೆಭೇಟಿಯೂ

ಚೊಚ್ಚಲು ಬಸುರಿಗೆ ಕುಬಸ ಮಾಡಿ, ಉಡಿ ತುಂಬಿ ತವರಿಗೆ ಕಳುಹಿಸುವುದು ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಬಾಣಂತನವು ಹಡೆದ ತಾಯಿಯ ಕೈಯಲ್ಲಿಯೇ ಆಗಲಿ ಎಂಬ ಭಾವನೆ ಸಹಜವಾದುದು. ಆದರೆ ಈ ರೂಢಿಗೂ ಸರಕಾರದ ದಾಖಲೆ ಪುಸ್ತಕಕ್ಕೂ ಹೊಂದಿಕೆ ತಪ್ಪುವುದುಂಟು. ಬಸುರಿಯ ಹೆಸರು ಬರೆದುಕೊಂಡು ತಾಯಿ ಕಾರ್ಡು ಮಾಡಿಸಿಕೊಟ್ಟವಳು ಗಂಡನ ಊರಿನ ಆಶಾ ಕಾರ್ಯಕರ್ತೆ. ಹೆರಿಗೆಯಾಗುವುದು ಬೇರೊಂದು ತಾಲೂಕಿನಲ್ಲಿ. ಕೂಸು ಹುಟ್ಟಿದ ಮೂರನೆಯ ದಿನ ಬಾಗಿಲಿಗೆ ಬರಬೇಕಾದವರು ಯಾರು? ಈ ಊರಿನವಳು ‘ತವರಿಗೆ ಹೋಗಿದ್ದಾಳೆ’ ಎಂದು ಬರೆದು ಪುಟ ತಿರುವುತ್ತಾಳೆ. ಆ ಊರಿನವಳಿಗೆ ಸುದ್ದಿಯೇ ತಲುಪಿರುವುದಿಲ್ಲ.

ಮೂರನೆಯ ದಿನಕ್ಕೆ ಅಷ್ಟೇನು ಮಹತ್ವವೆಂದು ಕೇಳುವವರು ಒಂದು ಸಂಗತಿಯನ್ನು ತಿಳಿಯಬೇಕು. ಹುಟ್ಟಿದ ತಿಂಗಳೊಳಗೆ ತೀರಿಕೊಳ್ಳುವ ಶಿಶುಗಳಲ್ಲಿ ಬಹುಪಾಲು ಮೊದಲ ವಾರದಲ್ಲಿಯೇ ಕಣ್ಣು ಮುಚ್ಚುತ್ತವೆ. ಅದೇ ವಾರ ನಾವು ಕೂಸಿನ ಕೋಣೆಯ ಕದ ಮುಚ್ಚಿ ಕುಳಿತಿರುತ್ತೇವೆ.

ಈ ಕದವನ್ನು ತಟ್ಟುವ ಬಗೆ ಹೇಗೆಂಬುದನ್ನು ನಮ್ಮ ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ತೋರಿಸಿಕೊಟ್ಟರು. ಆಸ್ಪತ್ರೆ ದೂರವಿದ್ದ ಆ ಕಾಡು ಜಿಲ್ಲೆಯ 39 ಹಳ್ಳಿಗಳಲ್ಲಿ, ಆಯಾ ಊರಿನ ಅಲ್ಪಸ್ವಲ್ಪ ಓದಿದ ಹೆಣ್ಣುಮಕ್ಕಳನ್ನೇ ಆರಿಸಿ ತರಬೇತಿ ಕೊಟ್ಟರು. 1995ರಿಂದ ಅವರು ಮನೆಮನೆಗೆ ಹೋಗಿ ಕೂಸನ್ನು ತೂಗಿದರು, ಉಸಿರಾಟವನ್ನು ಎಣಿಸಿದರು, ಬೆಚ್ಚಗಿಡುವ ಬಗೆಯನ್ನು ಕಲಿಸಿದರು. ನಂಜಿನ ಲಕ್ಷಣ ಕಂಡಲ್ಲಿ ಹೆತ್ತವರ ಒಪ್ಪಿಗೆ ಪಡೆದು ಚುಚ್ಚುಮದ್ದನ್ನೂ ಕೊಟ್ಟರು. ಮೂರನೆಯ ವರ್ಷಕ್ಕೆ ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಮರಣ, ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಿಗಿಂತ ಶೇಕಡಾ 62ರಷ್ಟು ಇಳಿದಿತ್ತು. 1999ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ದೊಡ್ಡ ಯಂತ್ರವಿಲ್ಲ, ದೊಡ್ಡ ಕಟ್ಟಡವಿಲ್ಲ. ಹೋದವರು ಆ ಊರಿನ ಮಾತು ಬಲ್ಲವರಾಗಿದ್ದರು, ಅಷ್ಟೆ.

ಇದೇ ದಾರಿಯಲ್ಲಿ ಭಾರತ ಸರಕಾರವು 2011ರಲ್ಲಿ ಆಶಾ ಕಾರ್ಯಕರ್ತೆಯರ ಮನೆಭೇಟಿಯನ್ನು ದೇಶಕ್ಕೆಲ್ಲ ಗೊತ್ತುಪಡಿಸಿತು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ; ಮನೆಯಲ್ಲಿಯೇ ಆದರೆ ಮೊದಲ ದಿನವೂ ಸೇರಿ ಏಳು ಭೇಟಿ. ಎಲ್ಲ ಮುಗಿಸಿದವಳಿಗೆ 250 ರೂಪಾಯಿ ಪ್ರೋತ್ಸಾಹಧನ ನಿಗದಿಯಾಯಿತು. ಆರು ಬಾರಿ ನಡೆದು ಬಂದವಳಿಗೆ ಈ ಮೊತ್ತ ಸಾಲದೆಂಬುದು ನಮ್ಮ ಅಭಿಪ್ರಾಯ.

ನಿಯಮ ಒಂದೇ ಆದರೂ ಕುಟುಂಬಗಳು ಒಂದೇ ಬಗೆಯವಲ್ಲ. ಇದನ್ನು ಮರೆತ ಯೋಜನೆಗೆ ಎಡವಟ್ಟು ತಪ್ಪದು. ನಮ್ಮ ರಾಜ್ಯದಲ್ಲಿ 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯ ಉದ್ದೇಶ ಉತ್ತಮವಾದುದು: ಬಸುರಿ ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ. ಆದರೆ ಅಂಗನವಾಡಿಗೇ ಬಂದು ಉಣ್ಣಬೇಕೆಂದರೆ, ಮಲೆನಾಡಿನ ಒಂಟಿಮನೆಯ ತುಂಬು ಬಸುರಿ ನಡೆಯುವಳೇ? ಹೊಸ್ತಿಲು ದಾಟದ ಹಸಿ ಬಾಣಂತಿ ಬರುವಳೇ? ಊಟವಾಗಲಿ ಸಲಹೆಯಾಗಲಿ, ಅವಳಿದ್ದಲ್ಲಿಗೆ ಹೋಗಬೇಕು.

ಮನೆಭೇಟಿಯ ನಿಯಮದಲ್ಲಿ ಇಂಥ ಹೊಂದಾಣಿಕೆಗೆ ಎಡೆಯಿದೆ. ತವರಿನಲ್ಲಿ ಹೆತ್ತು ಆರು ವಾರದೊಳಗೆ ಗಂಡನ ಮನೆಗೆ ಬಂದರೆ, ಎರಡೂ ಊರಿನ ಆಶಾರು ಭೇಟಿ ಹಂಚಿಕೊಳ್ಳಬಹುದು. ಹಣವೂ ಭೇಟಿಗಳ ಲೆಕ್ಕದಂತೆ ಇಬ್ಬರಿಗೂ ಸಲ್ಲಬೇಕು. ತೂಕ ಕಡಿಮೆಯಿದ್ದ ಕೂಸಿಗೆ ಹೆಚ್ಚಿನ ಭೇಟಿಗಳುಂಟು. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಸಂಸಾರಗಳದು ಇನ್ನೂ ಕಠಿಣವಾದ ಪ್ರಶ್ನೆ. ಅವರಿಗೆ ತವರೂ ಇಲ್ಲ, ಗೊತ್ತಾದ ಬಾಗಿಲೂ ಇಲ್ಲ.

ಇನ್ನು ನಮ್ಮ ಮನೆಯೊಳಗಿನ ಮಾತು. ಬಂದವಳು ಎಳೆಯ ತಾಯಿಗೊಬ್ಬಳಿಗೇ ಹೇಳಿಹೋದರೆ ಏನೂ ಸಾಗದು. ಕೂಸನ್ನು ಎರೆಯುವವಳು ಅಜ್ಜಿ, ಪಥ್ಯ ನಿಶ್ಚಯಿಸುವವಳೂ ಅಜ್ಜಿ. ಅಜ್ಜಿಯ ಎದುರಿನಲ್ಲಿಯೇ, ಅವಳ ಹಿರಿತನಕ್ಕೆ ಕುಂದು ಬಾರದಂತೆ ಹೇಳಬೇಕು. ಅಂಟಿನ ಉಂಡಿ, ಸಬ್ಬಸಿಗೆ ಪಲ್ಯ ಇರಲಿ, ಯಾರೂ ಬೇಡವೆನ್ನರು. ಆದರೆ ಬಾಣಂತಿಗೆ ನೀರು ಕಡಿಮೆ ಕೊಡುವುದು ಒಳಿತಲ್ಲ. ಮೈಯಲ್ಲಿ ನೀರು ಬತ್ತಿದರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಹುಟ್ಟಿದ ದಿನವೇ ಎರೆದರೆ ಎಳೆಗೂಸು ತಣ್ಣಗಾಗುತ್ತದೆ. ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ಹೊಗೆ ಕೂಸಿನ ಉಸಿರಿಗೆ ಹಿತವಲ್ಲ. ಕೂಸು ಮೊಲೆ ಚೀಪದಿದ್ದರೆ, ಅಳು ಕ್ಷೀಣವಾದರೆ, ಮೈ ಬಿಸಿಯೇರಿದರೆ ಅಥವಾ ತಣ್ಣಗಾದರೆ, ಉಸಿರಾಡುವಾಗ ಎದೆಗೂಡು ಒಳಕ್ಕೆ ಸೆಳೆದರೆ, ದೃಷ್ಟಿ ತೆಗೆಯುತ್ತ ಕೂಡದೆ ಆಸ್ಪತ್ರೆಗೆ ಒಯ್ಯಬೇಕು.

ಕೆಲವು ಮನೆಗಳಲ್ಲಿ ಆಶಾ ಕಾರ್ಯಕರ್ತೆಯನ್ನು ಪಡಸಾಲೆಯಲ್ಲಿಯೇ ನಿಲ್ಲಿಸಿ ಮಾತಾಡಿಸಿ ಕಳುಹಿಸುತ್ತಾರೆ. ಒಮ್ಮೆ ಮೈಲಿಗೆಯ ನೆಪ, ಒಮ್ಮೆ ಅವಳ ಕುಲದ ವಿಚಾರ. ಜನನ ಸೂತಕ, ಜಾತಿ ಸೂತಕಗಳೂ ಸೇರಿ ಪಂಚಸೂತಕಗಳನ್ನು ಅಲ್ಲಗಳೆದ ಶರಣರ ಮಕ್ಕಳು ನಾವು. ತೂಗುವ ತಕ್ಕಡಿ ಹಿಡಿದು ಬಂದವಳನ್ನು ಹೊರಗೆ ನಿಲ್ಲಿಸಲು ನಮಗೆ ಯಾವ ಆಧಾರವಿದೆ? ಕೈ ತೊಳೆಯಲು ನೀರು ಮತ್ತು ಸಾಬೂನು ಕೊಟ್ಟು ಒಳಗೆ ಕರೆಯೋಣ.

ಮಗಳನ್ನು ತವರಿಗೆ ಕರೆತರುವ ಹಿರಿಯರು ತಾಯಿ ಕಾರ್ಡನ್ನು ಮರೆಯದೆ ತರಲಿ. ಬಂದ ವಾರದೊಳಗೆ ತಮ್ಮೂರಿನ ಆಶಾಗೆ ತೋರಿಸಿ ಹೆರಿಗೆಯ ಅಂದಾಜು ದಿನಾಂಕವನ್ನು ತಿಳಿಸಲಿ. ಗಂಡನ ಮನೆಗೆ ತೊಟ್ಟಿಲು ಹೊತ್ತು ಮರಳಿದಾಗ ಅಲ್ಲಿಯವಳಿಗೂ ಸುದ್ದಿ ಮುಟ್ಟಲಿ. 2018ರಲ್ಲಿ ಆರಂಭಗೊಂಡ ಮುಂದಿನ ಭೇಟಿಗಳಿಗೆ, ಎಂದರೆ 3, 6, 9, 12 ಮತ್ತು 15ನೆಯ ತಿಂಗಳಿನವುಗಳಿಗೆ, ಸಾಮಾನ್ಯವಾಗಿ ಬಾಗಿಲಿಗೆ ಬರುವವಳು ಅವಳೇ.