ಮಿಲ್ಟ್ರಿ ಪೆನ್ಶನ್ನು ಮತ್ತು ನಮ್ಮ ಕೇರಿ



ಅರಭಾವಿಯಿಂದ ಘಟಪ್ರಭಾ ಕಡೆ ಹೋಗುವ ರಸ್ತೆಯಲ್ಲಿ ನಸುಕಿನಾಗ ನಿಂತು ನೋಡ್ರಿ. ಹುಡುಗರು ಓಡುತ್ತಿರುತ್ತಾರೆ. ಕೆಲವರ ಕಾಲಿಗೆ ಬೂಟು, ಕೆಲವರದು ಬರಿಗಾಲು. ಮಿಲ್ಟ್ರಿ ಭರ್ತಿಗೆ ತಯಾರಿ. ಅವರಲ್ಲಿ ನಮ್ಮ ಕೇರಿಯವರಿದ್ದಾರೆ, ಹಾಸ್ಟೆಲ್ಲಿನಲ್ಲಿ ನಿಮ್ಮ ಪಕ್ಕದಲ್ಲಿ ಮಲಗುವವರೂ ಇದ್ದಾರೆ. ಇವರನ್ನು ನೋಡಿ ನಗುವ ವಿಚಾರವಂತರು ನಮ್ಮ ಸಭೆಗಳಲ್ಲೇ ಇದ್ದಾರೆ. ಬಂದೂಕು ಹೊರೋದು ಯಾವ ಸೀಮೆ ಕ್ರಾಂತಿ ಅನ್ನುತ್ತಾರೆ. ನಾನೂ ಒಂದು ಕಾಲಕ್ಕೆ ಹಾಗೇ ಅಂದವನು.

ನನ್ನ ಬಾಯಿ ಮುಚ್ಚಿಸಿದವನು ನಮ್ಮ ಓಣಿಯ ಒಬ್ಬ ಮುತ್ಯಾ. "ತಮ್ಮಾ, ನಾ ಊರಾಗ ಇದ್ದಿದ್ರ ಮಂದಿ ಹೊಲದಾಗ ದುಡದ ಸಾಯ್ತಿದ್ನಿ. ಮಿಲ್ಟ್ರ್ಯಾಗ ಸಹಿ ಮಾಡೂದು ಕಲಿಸಿದ್ರು. ತಿಂಗಳಾ ಪೆನ್ಶನ್ ಬರ್ತೈತಿ. ನನ್ನ ಮಗಳು ಟೀಚರ್ ಆಗಿದ್ದು ಅದರ ಮ್ಯಾಲೆ" ಅಂದ. ಇದೇ ಮುತ್ಯಾ ಹರೇದಾಗ ರಜೆಗೆ ಊರಿಗೆ ಬಂದರೆ ಹೋಟೆಲಿನಲ್ಲಿ ಅವನಿಗೆ ಬೇರೆ ಕಪ್ಪು. ಮೈಮೇಲೆ ಖಾಕಿ ಇದ್ದರೂ ಬೇರೆ ಕಪ್ಪೇ. ಅದನ್ನೂ ಹೇಳಿದ, ನಗುತ್ತಲೇ ಹೇಳಿದ.

ಬಾಬಾಸಾಹೇಬರು ಯಾರ ಮಗ? ಸುಭೇದಾರ ರಾಮಜಿಯ ಮಗ. 1891ರಲ್ಲಿ ಹುಟ್ಟಿದ್ದು ಮಹೂ ದಂಡಿನಲ್ಲಿ. ಅಪ್ಪ ಸೈನ್ಯದ ಶಾಲೆಯಲ್ಲಿ ಹೆಡ್ ಮಾಸ್ತರಾಗಿದ್ದವರು. ಊರ ಶಾಲೆ ನಮ್ಮವರನ್ನು ಹೊರಗೆ ಕೂರಿಸಿದ ಕಾಲದಲ್ಲಿ ಪಲ್ಟನ್ ಅಕ್ಷರ ಕೊಟ್ಟಿತ್ತು. ಆ ಬಾಗಿಲನ್ನೂ ಬ್ರಿಟಿಷರು 1890ರ ದಶಕದ ಆರಂಭದಲ್ಲಿ ಮುಚ್ಚಿದರು. ಮಹಾರರು "ವೀರ ಜಾತಿ" ಅಲ್ಲವಂತೆ! ಕೋರೆಗಾಂವದ ಕಂಬದ ಮೇಲೆ ಹೆಸರು ಕೆತ್ತಿಸಿದವರೇ ಈ ಮಾತು ಆಡಿದರು. ತಾವೇ ಸಿಪಾಯಿಯಾಗಿದ್ದ ಗೋಪಾಳಬಾಬಾ ವಲಂಗಕರರು 1894ರಲ್ಲಿ ಅರ್ಜಿ ಬರೆದರು. 1910ರಲ್ಲಿ ಶಿವರಾಮ ಜಾನಬಾ ಕಾಂಬಳೆ ಬರೆದರು. ಮೊದಲ ಮಹಾಯುದ್ಧಕ್ಕೆ ಜನ ಸಾಲದಾದಾಗ, 1917ರಲ್ಲಿ, ಒಂದು ಮಹಾರ್ ಪಲ್ಟನ್ ಕಟ್ಟಿದರು. ಯುದ್ಧ ಮುಗಿಯಿತು, 1921ರಲ್ಲಿ ಮನೆಗೆ ಕಳಿಸಿದರು. ಬೇಕಾದಾಗ ಬಾ, ಬ್ಯಾಡಾದಾಗ ಹೋಗು.

ಈಗ ನಮ್ಮ ಜಿಲ್ಲೆಗೆ ಬರ್ರಿ. ಆಗ ಬೆಳಗಾವಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1937ರ ಚುನಾವಣೆಯಲ್ಲಿ ಅಂಬೇಡ್ಕರರು ಆ ಪ್ರಾಂತದ ಅಸೆಂಬ್ಲಿಗೆ ಗೆದ್ದರು. ಅವರ ಸ್ವತಂತ್ರ ಮಜೂರ ಪಕ್ಷದಿಂದಲೇ ಬಳವಂತರಾವ ವರಾಳೆ ಬೆಳಗಾವಿ ಉತ್ತರದಿಂದ ಗೆದ್ದರು. 1941ರಲ್ಲಿ ಅಂಬೇಡ್ಕರರು ವೈಸರಾಯರ ರಕ್ಷಣಾ ಸಲಹಾ ಸಮಿತಿ ಸೇರಿದರು, ಭರ್ತಿಯ ಬಾಗಿಲು ತೆರೆಯಿರಿ ಎಂದು ಪಟ್ಟು ಹಿಡಿದರು. ಅದೇ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ನಿಂತಿತು. ಎಲ್ಲಿ? ಬೆಳಗಾವಿಯಲ್ಲಿ! ನಮ್ಮ ಹುಡುಗರು ಘಟಪ್ರಭಾದಲ್ಲಿ ರೈಲು ಹತ್ತಿ ಇಳಿಯುವ ಅದೇ ಊರು. ಎಷ್ಟು ಮಂದಿಗೆ ಇದು ಗೊತ್ತೈತಿ?

ಆಗಲೂ ಅವರನ್ನು ಬ್ರಿಟಿಷರ ಬಾಲ ಅಂದವರಿದ್ದರು. ಅದೇ 1941ರ ಆಗಸ್ಟಿನಲ್ಲಿ ಸಿನ್ನರದಲ್ಲಿ ಪರಿಷತ್ತು ಸೇರಿಸಿ, ವತನ ಜಮೀನಿನ ಮೇಲೆ ಸರ್ಕಾರ ಏರಿಸಿದ ತೆರಿಗೆಯ ವಿರುದ್ಧ ಸಿಡಿದೆದ್ದವರೂ ಅವರೇ. ಮಗನನ್ನು ಯುದ್ಧಕ್ಕೆ ಕರೆದು ಅಪ್ಪನ ಹೊಲಕ್ಕೆ ಕೈಹಾಕುವುದು ಯಾವ ನ್ಯಾಯ? ಬಾಲ ಆದವನು ಹೀಗೆ ತಿರುಗಿ ಬೀಳುವುದಿಲ್ಲ. ಜಾತಿಯ ಹೆಸರಿನ ಪಲ್ಟನ್ ನನಗೂ ಮುಜುಗರವೇ, ಸುಳ್ಳು ಹೇಳುವುದಿಲ್ಲ. ಆದರೆ ಜಾತಿಯ ಹೆಸರಿನಲ್ಲೇ ಮುಚ್ಚಿದ ಬಾಗಿಲನ್ನು ಬೇರೆ ಯಾವ ಹೆಸರಿನಲ್ಲಿ ಬಡಿಯಬೇಕಿತ್ತು? ಇವತ್ತು ಆ ರೆಜಿಮೆಂಟಿನಲ್ಲಿ ಎಲ್ಲ ಜಾತಿಯವರೂ ಇದ್ದಾರೆ.

ಇನ್ನೊಂದು ಸಂಗತಿ. 1942ರಿಂದ 1946ರವರೆಗೆ ಅವರು ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದರು. ಯುದ್ಧ ಮುಗಿದು ಲಕ್ಷಗಟ್ಟಲೆ ಸಿಪಾಯಿಗಳು ಮನೆಗೆ ಬರುವವರಿದ್ದರು. ಅವರಿಗೆ ಕೆಲಸ ಹುಡುಕಿಕೊಡಲು 1945ರ ಜುಲೈನಲ್ಲಿ ಆ ಖಾತೆಯ ಅಡಿಯಲ್ಲೇ ಪುನರ್ವಸತಿ ಮತ್ತು ಉದ್ಯೋಗದ ಮಹಾನಿರ್ದೇಶನಾಲಯ ತೆರೆಯಿತು. ಡಿಗ್ರಿ ಮುಗಿಸಿ ನಾವು ಹೆಸರು ಹಚ್ಚುವ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ ಬೆಳೆದದ್ದು ಇದರಿಂದ. ಮೊದಲು ಸಿಪಾಯಿಗಳಿಗೆ, ಯುದ್ಧದ ಕೆಲಸ ಕಳಕೊಂಡವರಿಗೆ; 1948ರಲ್ಲಿ ಎಲ್ಲರಿಗೂ. ನನ್ನ ಕಾರ್ಡು ಟ್ರಂಕಿನಾಗ ಹಂಗ ಐತಿ, ಆ ಮಾತು ಬ್ಯಾರೆ. ಸಿಪಾಯಿ ಮನೆಗೆ ಬಂದ ಮೇಲೆ ಏನು ತಿನ್ನಬೇಕು ಎಂಬ ಪ್ರಶ್ನೆಗೆ ಅಂದು ಒಂದು ಆಫೀಸನ್ನೇ ತೆರೆದಿದ್ದರು.

ಇಂದಿನ ಲೆಕ್ಕ ನೋಡ್ರಿ. 2022ರ ಜೂನಿನಲ್ಲಿ ಅಗ್ನಿಪಥ ಬಂತು. ನಾಲ್ಕು ವರ್ಷ ದುಡಿತ. ಆಮೇಲೆ ನೂರಕ್ಕೆ ಹೆಚ್ಚೆಂದರೆ 25 ಜನ ಒಳಗೆ. ಉಳಿದವರ ಕೈಗೆ ಸುಮಾರು 11.71 ಲಕ್ಷ, ಅದರ ಅಸಲಿನಲ್ಲಿ ಅರ್ಧ ಅವರ ಸಂಬಳದಿಂದಲೇ ಹಿಡಿದದ್ದು. ಪೆನ್ಶನ್ ಇಲ್ಲ. ಮಾಜಿ ಸೈನಿಕ ಅನ್ನುವ ಹೆಸರೂ ಇಲ್ಲ. ಹೊಲ ಇದ್ದವನ ಮಗ ಆ ದುಡ್ಡಿನಲ್ಲಿ ಬೋರ್ ಹೊಡೆಸಿ ಕಬ್ಬು ಹಚ್ಚಬಹುದು. ಹೊಲ ಇಲ್ಲದವನ ಮಗ? ಇಪ್ಪತ್ತೆರಡು, ಇಪ್ಪತ್ತಮೂರಕ್ಕೆ ಅದೇ ಕೇರಿ, ಅದೇ ಕಬ್ಬು ಕಡಿಯೋ ಗ್ಯಾಂಗು.

ನಮ್ಮ ಶಾಸಕರು, ಎಂಪಿಗಳು, ಪಕ್ಷ ಯಾವುದೇ ಇರಲಿ, ರಜೆಗೆ ಬಂದ ಸಿಪಾಯಿಗೆ ಹಾರ ಹಾಕುತ್ತಾರೆ, ಸತ್ತು ಬಂದವನ ಮೆರವಣಿಗೆಯಲ್ಲಿ ಮುಂದೆ ನಡೆಯುತ್ತಾರೆ. ಹಾರ ಬಾಡುವುದಕ್ಕೆ ಒಂದು ದಿನ ಸಾಕು. ಪೆನ್ಶನ್ನು ಮುತ್ಯಾನ ಮನೆಗೆ ಮೂವತ್ತು ವರ್ಷದಿಂದ ಬರುತ್ತಿದೆ.

ಆ ಮುತ್ಯಾನ ಮೊಮ್ಮಗ ಈಗ ಅದೇ ರಸ್ತೆಯಲ್ಲಿ ಓಡುತ್ತಾನೆ. "ನಾಕ ವರ್ಷ ಆದ ಮ್ಯಾಲೆ ಇಂವಾ ಏನ್ ಮಾಡ್ಬೇಕೋ ತಮ್ಮಾ? ನೀ ಓದಿದಾಂವ, ಹೇಳು" ಅಂತ ಮೊನ್ನೆ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅದೇ ಪ್ರಶ್ನೆಯನ್ನು ಒಂದು ಕಾಗದದಲ್ಲಿ ಬರೆದು ನಮ್ಮ ಶಾಸಕರಿಗೂ ಎಂಪಿಗೂ ಹಾಕಿದ್ದೇನೆ. ನೀವೂ ಹಾಸ್ಟೆಲ್ಲಿಗೊಂದು ಕಾಗದ ಹಾಕ್ರಿ. ಉತ್ತರ ಬಂದರೆ ಇದೇ ಹಾಳೆಯಲ್ಲಿ ಅಚ್ಚು ಹಾಕೋಣ.