ಸಬ್‌ಸ್ಕ್ರೈಬರ್ ಎಷ್ಟು ಎಂದಲ್ಲ, ಖಾತೆಗೆ ಎಷ್ಟು ಬಂತು ಎಂದು ಕೇಳಿ

ಮಗನಿಗೆ ಊರಲ್ಲಿ ಯೂಟ್ಯೂಬ್ ಚಾನೆಲ್ ಇದೆ ಎಂದು ಹೇಳಿಕೊಳ್ಳುವ ಉಪ್ಪಂದಿರು ನಮ್ಮ ರೂಮುಗಳಲ್ಲಿ ಈಗ ಹಲವರಿದ್ದಾರೆ. ಉಳ್ಳಾಲದಿಂದ ವಿಟ್ಲದವರೆಗೆ ಹುಡುಗರು ಗೇಮ್ ಆಡುತ್ತಾ, ಮಾತಾಡುತ್ತಾ ವೀಡಿಯೊ ಹಾಕುತ್ತಾರೆ. ಫೋನು, ಕಂಪ್ಯೂಟರು, ಗ್ರಾಫಿಕ್ಸ್ ಕಾರ್ಡು ಎಲ್ಲ ಇಲ್ಲಿನ ಓವರ್‌ಟೈಮ್ ದುಡ್ಡಿನಲ್ಲಿ ಬಂದದ್ದು. ಈಗ ಅದೇ ಹುಡುಗರು "ವ್ಯೂಸೇ ಬರುವುದಿಲ್ಲ ಉಪ್ಪಾ" ಎನ್ನುತ್ತಿದ್ದಾರೆ. ಮೊಬೈಲ್ ಹುಚ್ಚ, ಸೋಮಾರಿ ಎಂದು ಬೈದು ಫೋನ್ ಇಡುವುದು ಸುಲಭ. ಆದರೆ ಇದರಲ್ಲಿ ಹುಡುಗನ ಪಾಲು ಕಡಿಮೆ.

ಕಫೀಲನ ಒಂದು ಸಹಿಯ ಮೇಲೆ ನಿಂತ ಕೆಲಸ ಹೇಗಿರುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಹುಡುಗರಿಗೆ ಒಬ್ಬನಲ್ಲ, ಮೂವರು ಕಫೀಲರು: ಗೇಮ್ ಕಂಪೆನಿ, ಸರಕಾರ, ಯೂಟ್ಯೂಬ್. ಲಾಕ್‌ಡೌನ್ ಕಾಲದಲ್ಲಿ ಎಲ್ಲರೂ ಮನೆಯಲ್ಲೇ ಇದ್ದರು, ನೋಡುವವರಿಗೆ ಬರ ಇರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಭಾರತದಲ್ಲಿ ಪಬ್‌ಜಿ ನಿಷೇಧವಾಯಿತು. 2021ರ ಜುಲೈಯಲ್ಲಿ ಬಿಜಿಎಂಐ ಎಂಬ ಹೊಸ ಹೆಸರಲ್ಲಿ ಬಂತು. 2022ರ ಜುಲೈಯಲ್ಲಿ ಅದೂ ಆಪ್ ಸ್ಟೋರ್‌ಗಳಿಂದ ಮಾಯ, ಮರಳಿದ್ದು 2023ರ ಮೇಯಲ್ಲಿ. ಫ್ರೀ ಫೈರ್ ಆಡುತ್ತಿದ್ದವರಿಗೂ 2022ರ ಫೆಬ್ರವರಿಯಲ್ಲಿ ಇದೇ ಗತಿ. ಒಂದೇ ಗೇಮ್ ನಂಬಿ ಚಾನೆಲ್ ಕಟ್ಟಿದವನು ಏನು ಮಾಡಬೇಕು? ನೋಡುತ್ತಿದ್ದ ಮಕ್ಕಳೂ ದೊಡ್ಡವರಾಗಿ ಕೆಲಸ, ಕಾಲೇಜು ಅಂತ ಹೋದರು.

ಇನ್ನು ಯೂಟ್ಯೂಬ್‌ನ ಲೆಕ್ಕ. ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಸಬ್‌ಸ್ಕ್ರೈಬರ್ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ಜನ ನೋಡಿರಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಈ ಗಂಟೆಗಳಿಗೆ ಸೇರುವುದೇ ಇಲ್ಲ. ಶಾರ್ಟ್ಸ್ ದಾರಿಯಲ್ಲೇ ಹೋಗುವವನಿಗೆ 90 ದಿನದಲ್ಲಿ ಒಂದು ಕೋಟಿ ವ್ಯೂಸ್ ಬೇಕು! ಉದ್ದದ ವೀಡಿಯೊದ ಜಾಹೀರಾತಿನಲ್ಲಿ 55 ಶೇಕಡಾ ಪಾಲು ಕೊಡುತ್ತಾರೆ, ಶಾರ್ಟ್ಸ್‌ನಲ್ಲಿ 45. ಅಂದರೆ ಜನ ಶಾರ್ಟ್ಸ್ ಕಡೆ ಸರಿದಷ್ಟೂ ಅರ್ಧ ಗಂಟೆಯ ಗೇಮ್ ವೀಡಿಯೊ ಮಾಡುವವನಿಗೆ ನಷ್ಟ. ಅಮೆರಿಕದವನು ನೋಡಿದರೆ ಬರುವ ಜಾಹೀರಾತಿನ ದರವೂ ಭಾರತದವನು ನೋಡಿದರೆ ಬರುವ ದರವೂ ಒಂದೇ ಅಲ್ಲ, ಬಹಳ ಅಂತರ. ಅದರಲ್ಲೂ ಕನ್ನಡದಲ್ಲಿ ಮಾತಾಡುವವನು ಕೋಟಿಗಟ್ಟಲೆ ಸಬ್‌ಸ್ಕ್ರೈಬರ್ ಇರುವ ಟೋಟಲ್ ಗೇಮಿಂಗ್, ಟೆಕ್ನೋ ಗೇಮರ್ಜ್‌ನಂಥ ಹಿಂದಿ ಚಾನೆಲ್‌ಗಳ ಎದುರು ನಿಲ್ಲಬೇಕು.

ಸ್ಪಾನ್ಸರ್ ದುಡ್ಡೂ ಇತ್ತು. ಅದರಲ್ಲಿ ದೊಡ್ಡ ಪಾಲು ಹಣ ಕಟ್ಟಿ ಆಡುವ ಆಪ್‌ಗಳದ್ದು. 2025ರ ಆಗಸ್ಟ್‌ನ ಕಾನೂನು ಆ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ನನಗೆ ಇದರಲ್ಲಿ ಬೇಸರವಿಲ್ಲ. ಆ ದುಡ್ಡು ಯಾರ ಮನೆಯಿಂದ ಬರುತ್ತಿತ್ತು ಎಂದು ನೋಡಿದವರಿಗೆ ಬೇಸರ ಆಗಲಿಕ್ಕೂ ಇಲ್ಲ. ಆದರೆ ಚಾನೆಲ್‌ನವರ ಆದಾಯ ಕಡಿಮೆಯಾದದ್ದಂತೂ ನಿಜ.

ಹಾಗಂತ ಚಾನೆಲ್ ಮುಚ್ಚಿಸಿ ಎಂದು ನಾನು ಹೇಳುವುದಿಲ್ಲ. ರಾತ್ರಿಯೆಲ್ಲಾ ಕೂತು ಎಡಿಟಿಂಗ್, ಥಂಬ್‌ನೇಲ್, ಸೌಂಡು ಕಲಿತ ಹುಡುಗನ ಕೈಯಲ್ಲಿ ಒಂದು ಕಸುಬು ಇದೆ. ಮದುವೆ ವೀಡಿಯೊಗೆ, ಮಂಗಳೂರಿನ ಬಟ್ಟೆ ಅಂಗಡಿಯ ರೀಲ್ಸ್‌ಗೆ ಬೇಕಾದದ್ದೂ ಅದೇ ಕಸುಬು. ಅಲ್ಲಿ ಕೆಲಸ ಮುಗಿದರೆ ದುಡ್ಡು, ಅಲ್ಗಾರಿದಂ ಒಪ್ಪಬೇಕೆಂದೇನೂ ಇಲ್ಲ. ಚಾನೆಲ್ ಪಕ್ಕದಲ್ಲಿ ಇರಲಿ, ಈಗ ಇರುವ ಕಂಪ್ಯೂಟರಿನಲ್ಲೇ ಇರಲಿ. ನಾನು ಒಪ್ಪದಿರುವುದು ಡಿಗ್ರಿ ಅರ್ಧಕ್ಕೆ ಬಿಡುವುದನ್ನು, ಹೊಸ ಕಾರ್ಡಿಗೆಂದು ಉಪ್ಪ ಇಲ್ಲಿ ಸಾಲ ಎತ್ತುವುದನ್ನು.

ರಜೆಯ ದಿನ ಮನೆಗೆ ವೀಡಿಯೊ ಕಾಲ್ ಮಾಡುವಾಗ ಮಗನ ಹತ್ತಿರ ಆದಾಯದ ಪುಟ ತೆರೆದು ತೋರಿಸಲು ಹೇಳಿ. ಗಟ್ಟಿ ದನಿ ಬೇಡ. ನೂರು ಡಾಲರ್ ತುಂಬದೆ ಅವರು ಹಣ ಕಳಿಸುವುದಿಲ್ಲ. ಆ ನೂರು ತುಂಬಲು ಎಷ್ಟು ತಿಂಗಳು ಹಿಡಿಯಿತು ಎಂದು ಇಬ್ಬರೂ ಕೂತು ಎಣಿಸಿ, ಕಾರ್ಡಿನ ಮಾತು ಆಮೇಲೆ ಆಡಿ.