ವಿದ್ಯಾರ್ಥಿವೇತನ ಬೇರೆ, ಸ್ಟೈಪೆಂಡ್ ಬೇರೆ

ಕಳೆದ ಭಾನುವಾರ ಅಕ್ಕನ ಮಗಳು ಮಿಯಾಪುರದ ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ರಾಯಚೂರಿನ ಹುಡುಗಿ, ಇಲ್ಲೇ ಹೈದರಾಬಾದಿನಲ್ಲಿ ಎಂ.ಟೆಕ್ ಓದುತ್ತಿದ್ದಾಳೆ. 2024–25ರಲ್ಲಿ ಒಂದು ಟ್ರಸ್ಟಿನಿಂದ ಅವಳಿಗೆ 1,50,000 ರೂಪಾಯಿ ವಿದ್ಯಾರ್ಥಿವೇತನ ಬಂದಿತ್ತು. ಜೊತೆಗೆ ಆರು ತಿಂಗಳ ಇಂಟರ್ನ್‌ಶಿಪ್; ತಿಂಗಳಿಗೆ 40,000 ಸ್ಟೈಪೆಂಡ್. ಶೇ. 10 ಟಿಡಿಎಸ್ ಹೋಗಿ ಕೈಗೆ ಬಂದದ್ದು 36,000.

“ಮಾಮಾ, ಎರಡೂ ಸೇರಿಸಿದ್ರ 3,90,000 ಆಗ್ತದ. ಇನ್ನೂ ಟ್ಯಾಕ್ಸ್ ಕಟ್ಟಬೇಕೇನು? ಹಾಸ್ಟೆಲ್ ಫೀಸಿಗೆ ಅವ್ವ ಬಳಿ ಅಡ ಇಡ್ತೀನಿ ಅಂತಾಳ.”

“ಎರಡನ್ನೂ ಸೇರಿಸಬಾರದು” ಎಂದೆ.

ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ 2024–25ರ ಆದಾಯಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 10(16)ರಡಿ ಪೂರ್ತಿ ವಿನಾಯಿತಿ ಇದೆ. ಕೊಡುವವರು ಸರ್ಕಾರವಾಗಲಿ, ಟ್ರಸ್ಟ್ ಆಗಲಿ, ಮೊತ್ತಕ್ಕೆ ಮಿತಿಯಿಲ್ಲ. ಆದರೆ ಕೆಲಸ ಮಾಡಿದ್ದಕ್ಕೆ ಸಿಗುವ ಸ್ಟೈಪೆಂಡ್ ಆದಾಯವೇ. ಅಂದರೆ ಅವಳ ಆದಾಯ 2,40,000 ಮಾತ್ರ. 2024–25ರಲ್ಲಿ ಇದ್ದ ಹೊಸ ಪದ್ಧತಿಯ 3 ಲಕ್ಷ, ಹಳೆಯ ಪದ್ಧತಿಯ 2.5 ಲಕ್ಷ, ಎರಡೂ ಮಿತಿಗಳಿಗಿಂತ ಕಡಿಮೆ. ಕಟ್ಟುವುದು ಏನೂ ಇಲ್ಲ. ಹಿಡಿದುಕೊಂಡ 24,000 ವಾಪಸ್ ಬರಬೇಕು.

ಆದರೆ ಅದು ತಾನಾಗಿ ಬರುವುದಿಲ್ಲ, ರಿಟರ್ನ್ ಸಲ್ಲಿಸಿ ಕೇಳಬೇಕು. ಮೊದಲು ಫಾರ್ಮ್ 26ಎಎಸ್‌ನಲ್ಲಿ ಆ ಮೊತ್ತ ತನ್ನ ಪ್ಯಾನ್‌ಗೆ ಜಮಾ ಆಗಿದೆಯೇ ನೋಡಬೇಕು. ಪೋರ್ಟಲ್‌ನಲ್ಲಿ ಬ್ಯಾಂಕ್ ಖಾತೆ ದೃಢೀಕರಿಸಿರಬೇಕು. ಸಲ್ಲಿಸಿದ 30 ದಿನದೊಳಗೆ ಇ-ವೆರಿಫೈ ಮಾಡಬೇಕು. 2024–25ರ ಆದಾಯಕ್ಕೆ ಗಡುವು 2025ರ ಸೆಪ್ಟೆಂಬರ್ 16 ಆಗಿತ್ತು. ತಪ್ಪಿದರೂ 2025ರ ಡಿಸೆಂಬರ್ 31ರವರೆಗೆ ಅವಕಾಶವಿತ್ತು. ಆದಾಯ ಮಿತಿಯೊಳಗಿದ್ದರೆ ವಿಳಂಬ ಶುಲ್ಕವೂ ಇಲ್ಲ.

ಬಂಗಾರ ಅಡ ಇಡುವವರು ಇನ್ನೊಂದು ಲೆಕ್ಕವನ್ನೂ ನೋಡಿ. ಬ್ಯಾಂಕಿನ ಶಿಕ್ಷಣ ಸಾಲವಾದರೆ ಕಟ್ಟಿದ ಬಡ್ಡಿಯನ್ನು ಎಂಟು ವರ್ಷದವರೆಗೆ ಆದಾಯದಿಂದ ಕಳೆಯಬಹುದು. ಇದು ಹಳೆಯ ಪದ್ಧತಿಯವರಿಗೆ ಮಾತ್ರ, ಅಸಲಿಗೆ ಅನ್ವಯಿಸದು.

ಮಕ್ಕಳು ಅಮೆರಿಕದಲ್ಲಿ ಓದುತ್ತಿದ್ದರೆ ಇದೇ ನಿಯಮ ಎಂದುಕೊಳ್ಳಬೇಡಿ. ಅಲ್ಲಿ ವಿದ್ಯಾರ್ಥಿವೇತನದಲ್ಲಿ ಟ್ಯೂಷನ್ ಫೀಸು, ಕಡ್ಡಾಯ ಪುಸ್ತಕಗಳಿಗೆ ಹೋದದ್ದಕ್ಕೆ ಮಾತ್ರ ವಿನಾಯಿತಿ. ಊಟ-ವಸತಿಗೆ ಬಳಸಿದ್ದಕ್ಕೆ ತೆರಿಗೆ ಉಂಟು.

ಊಟ ಮುಗಿಸಿ ಅವಳೇ ಲ್ಯಾಪ್‌ಟಾಪ್ ತೆರೆದು ಕೂತಳು. ನಾನು ಅಕ್ಕನಿಗೆ ಫೋನ್ ಮಾಡಿದೆ: “ಬಳಿ ಕೈಯಾಗೇ ಇರ್ಲಿ. ರಿಫಂಡ್ ಬರೋತನಕ ಫೀಸು ನಾ ಕಟ್ಟಿರ್ತೀನಿ.”

ನಿಮ್ಮ ಮನೆಯಲ್ಲೂ ಇಂಟರ್ನ್‌ಶಿಪ್ ಮಾಡಿದ ಮಕ್ಕಳಿದ್ದರೆ, ಇವತ್ತೇ 26ಎಎಸ್ ತೆಗೆದು ನೋಡಲು ಹೇಳಿ.